ಅಂಟತ್ತೆ ಮತ್ತು ರೆಕ್ಕೆಯ ಹುಡುಗಿ

ನನ್ನ ಅಪ್ಪನ ಅಕ್ಕನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಯಸ್ಸಾದ ಹೆಂಗಸಿನ ಬಗ್ಗೆ ಯಾರಾದರೂ ಬರೆಯಲು ಕೂತರೆ ಎರಡನೇ ಪುಟಕ್ಕೆ ಕಣ್ಣೀರು, ನಾಲ್ಕನೆಯದಕ್ಕೆ ತ್ಯಾಗಮಯಿ ಎಂಬ ಮಾತು ಬಂದೇ ಬರುತ್ತದೆ. ಇಲ್ಲಿ ಅವೆರಡೂ ಸಿಗುವುದಿಲ್ಲ. ಆಕೆಗೆ ಈಗ ಎಪ್ಪತ್ತೊಂದು. ಮೊಣಕಾಲು ಸೋತಿದೆ, ಕಣ್ಣು ಮಂಜಾಗಿದೆ, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತೇ ವರ್ಷ.

ಅವಳಿಗೆ ಅಂಟತ್ತೆ ಎಂದು ಹೆಸರಿಟ್ಟವಳು ನಾನೇ, ಆರು ವರ್ಷದವಳಿದ್ದಾಗ. ಸಾರ್ವಜನಿಕ ಗ್ರಂಥಾಲಯದ ರಿಪೇರಿ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಬೈಂಡಿಂಗ್ ಮಾಡುವುದು ಅವಳ ಕೆಲಸವಾಗಿತ್ತು. ಮೈದಾಹಿಟ್ಟಿಗೆ ಮೈಲುತುತ್ತ ಹಾಕಿ ಕುದಿಸಿದ ಅಂಟಿನ ವಾಸನೆ ಅವಳ ಬಟ್ಟೆಯಲ್ಲಿ, ಕೂದಲಲ್ಲಿ, ಕೊನೆಗೆ ಅವಳು ಹೆಚ್ಚಿಟ್ಟ ತರಕಾರಿಯಲ್ಲೂ ಇರುತ್ತಿತ್ತು. ಹೆಸರು ಬೀದಿಗೆಲ್ಲ ಹಬ್ಬಿದ್ದು ಅವಳಿಗೆ ಗೊತ್ತಾದಾಗ ನನ್ನ ಕಿವಿ ಹಿಂಡಲಿಲ್ಲ. "ಪರವಾಗಿಲ್ಲ, ಒಂದು ಕೆಲಸದ ಹೆಸರಾದ್ರೂ ಇದೆ ನಂಗೆ. ನಿಂಗೇನಿದೆ?" ಎಂದಳು. ಆರು ವರ್ಷದ ಮಗುವಿಗೆ ಹೇಳುವ ಮಾತೇ ಇದು?

ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: "ನನ್ನನ್ನ ಕೇಳ್ಕೊಂಡು ಬಂದವರು ಯಾರೂ ನಂಗೆ ಹಿಡಿಸ್ಲಿಲ್ಲ. ಈಗ ನೀನೂ ಕೇಳ್ತಾ ಇದ್ದೀಯ." ಹಾಗಾಗಿ ನಮ್ಮ ಮನೆಯಲ್ಲೇ, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಇದ್ದಳು. ಒಂದು ಮಂಚ, ಒಂದು ಕಪಾಟು, ಹಿತ್ತಲ ಗೋಡೆಗೆ ತೆರೆಯುವ ಒಂದು ಕಿಟಕಿ. ಬೆಳಗ್ಗೆ ಪಾತ್ರೆ ತೊಳೆದು, ತರಕಾರಿ ಹೆಚ್ಚಿಟ್ಟು, ಒಂಬತ್ತಕ್ಕೆ ಕೆಲಸಕ್ಕೆ ಹೊರಡುತ್ತಿದ್ದಳು. ಮಾಡು ಅಂತ ಯಾರೂ ಹೇಳಿರಲಿಲ್ಲ, ಬೇಡ ಅಂತಲೂ ಯಾರೂ ಹೇಳಲಿಲ್ಲ. ಒಮ್ಮೆ ಅಮ್ಮ ಅಪ್ಪನ ಹತ್ತಿರ ದನಿ ತಗ್ಗಿಸದೆಯೇ ಹೇಳಿದ್ದು ನನಗೆ ಕೇಳಿಸಿತ್ತು: "ಹೊರಗೆ ಕೆಲಸ ಇರೋ ತನಕ ನಿಮ್ಮಕ್ಕ ಈ ಮನೆಯವರು. ಕೆಲಸ ಬಿಟ್ಟು ಕೂತ ದಿನದಿಂದ ಅಡುಗೆಮನೆ ಪೂರ್ತಿ ಅವರದ್ದೇ. ನಂಗೆ ಕೈಲಾಗಲ್ಲ." ನನಗೆ ಕೇಳಿಸಿದ್ದು ಅಂಟತ್ತೆಗೂ ಕೇಳಿಸಿರಬೇಕು. ನಡುವೆ ಇದ್ದದ್ದು ಒಂದು ಹಲಗೆಯ ಬಾಗಿಲು.

ಆದ್ದರಿಂದ ರಿಪೇರಿ ಕೋಣೆ ಅವಳಿಗೆ ಬರೀ ಕೆಲಸವಲ್ಲ. ಅದು ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಹಳೆಯ ಪತ್ರಿಕೆಗಳ ಕಟ್ಟುಗಳನ್ನು ದಾಟಿ ಹೋದರೆ ಸಿಗುತ್ತಿತ್ತು. ಅಗಲದ ಮೇಜು, ತಿರುಪಿನ ಕಬ್ಬಿಣದ ಪ್ರೆಸ್ಸು, ರಟ್ಟು ಕತ್ತರಿಸುವ ಕತ್ತಿ, ಮೇಣ ಸವರಿದ ದಾರದ ಉಂಡೆಗಳು, ದಬ್ಬಣಗಳು. ಅಲ್ಲಿ ಅವಳೇ ರಾಣಿ, ಅವಳೇ ಸೈನ್ಯ. ಯಾವ ಪುಸ್ತಕ ಕೈಗೆ ಬಂದರೂ ಮೊದಲು ಹೆಬ್ಬೆರಳನ್ನು ಅದರ ಮೇಲಂಚಿನ ಉದ್ದಕ್ಕೂ ಒಮ್ಮೆ ಎಳೆಯುತ್ತಿದ್ದಳು. ಎಷ್ಟು ಜನ ಓದಿದ್ದಾರೆ, ಎಲ್ಲಿಯವರೆಗೆ ಓದಿದ್ದಾರೆ, ಎಲ್ಲಿ ಬೇಜಾರು ಬಂದು ಬಿಟ್ಟಿದ್ದಾರೆ ಅನ್ನುವುದೆಲ್ಲ ಆ ಬೆರಳಿಗೆ ತಿಳಿಯುತ್ತದೆ ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು.

ಅವಳ ಇನ್ನೊಂದು ಹುಚ್ಚು ಮಡಿಕೆಯ ಹಾಳೆಗಳದು. ಹಳೆಯ ಕಾಲದಲ್ಲಿ ದೊಡ್ಡ ಹಾಳೆಯ ಮೇಲೆ ಹದಿನಾರು ಪುಟ ಅಚ್ಚು ಹಾಕಿ, ಮಡಿಸಿ, ಹಾಗೆಯೇ ಹೊಲಿದು ಮಾರುತ್ತಿದ್ದರಂತೆ. ಪುಟಗಳು ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಓದುವವನು ಚಾಕು ಹಿಡಿದು ಒಂದೊಂದೇ ಮಡಿಕೆ ಬಿಡಿಸಿಕೊಂಡು ಓದಬೇಕು. ಅಂಥ ಪುಸ್ತಕ ರಿಪೇರಿಗೆ ಬಂದರೆ ಬೇರೆ ಬೈಂಡರುಗಳು ಕತ್ತಿಯಲ್ಲಿ ಮೂರೂ ಅಂಚು ಸಪಾಟಾಗಿ ಸವರಿ ಹಾಕುತ್ತಾರೆ. ಇವಳು ಮುಟ್ಟುತ್ತಿರಲಿಲ್ಲ. "ಓದದೇ ಇರೋರ ಪರವಾಗಿ ನಾನ್ಯಾಕೆ ಕತ್ತರಿಸ್ಲಿ? ಓದೋರು ಕತ್ತರಿಸ್ಕೋತಾರೆ" ಎನ್ನುತ್ತಿದ್ದಳು. ಊಟದ ಹೊತ್ತಿಗೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ನನಗೆ ಹದಿನೈದು ತುಂಬಿದ ವರ್ಷ ಆ ಸರಣಿ ಬಂತು. ನಾಲ್ಕು ದಪ್ಪ ಪುಸ್ತಕಗಳು, ಹೊಳೆಯುವ ಗಟ್ಟಿ ರಕ್ಷಾಪುಟ, ಅದರ ಮೇಲೆ ಬೆನ್ನು ತೋರಿಸಿ ನಿಂತ ಹುಡುಗಿ. ಗ್ರೀಕರ ಹಳೆಯ ಮಹಾಕಾವ್ಯವೊಂದನ್ನು ನಮ್ಮ ವಯಸ್ಸಿನವರಿಗಾಗಿ ಬುಡಮೇಲು ಮಾಡಿ ಬರೆದದ್ದು. ಯುದ್ಧ ಗೆದ್ದು ವರ್ಷಗಟ್ಟಲೆ ಮನೆ ಸೇರಲಾಗದ ರಾಜನ ಕಥೆ ಅದು. ಆದರೆ ಸರಣಿಯಲ್ಲಿ ರಾಜ ಮೂಲೆಗೆ ಬಿದ್ದಿದ್ದ. ನಾಯಕಿ ಅವನ ಅರಮನೆಯಲ್ಲಿ ನೂಲು ತೆಗೆಯುವ ಹದಿನಾರರ ದಾಸಿ. ಹೆಗಲ ಮೂಳೆಯ ಕೆಳಗೆ ಅವಳಿಗೆ ಗುಟ್ಟಾಗಿ ರೆಕ್ಕೆ ಮೊಳೆಯುತ್ತಿರುತ್ತದೆ. ಕಡಲ ದೇವರ ಮಗನೊಬ್ಬ ಅವಳಿಗಾಗಿ ಪ್ರಾಣ ಬಿಡುತ್ತಾನೆ, ಮುಂದಿನ ಪುಸ್ತಕದಲ್ಲಿ ಮತ್ತೆ ಬರುತ್ತಾನೆ. ನಾನು ಮೊದಲ ಮೂರನ್ನೂ ಉಸಿರು ಬಿಡದೆ ಓದಿದೆ, ನಾಲ್ಕನೆಯದು ಇನ್ನೂ ಬರಬೇಕಿತ್ತು. ಪಾತ್ರೆ ಎತ್ತಿಡು ಅಂತ ಅಮ್ಮ ಕೂಗಿದಾಗೆಲ್ಲ ನನ್ನ ಹೆಗಲಲ್ಲೂ ಏನೋ ತುರಿಸಿದ ಹಾಗಾಗುತ್ತಿತ್ತು.

ಅಂಟತ್ತೆಗೆ ಆ ಪುಸ್ತಕಗಳನ್ನು ಕಂಡರೆ ಮೈಯೆಲ್ಲ ಉರಿ. ಬೆನ್ನಿಗೆ ಬರೀ ಅಂಟು, ಒಂದು ಹೊಲಿಗೆ ಇಲ್ಲ. ಹತ್ತು ಹುಡುಗಿಯರು ಓದುವಷ್ಟರಲ್ಲಿ ಕಳಚಿಕೊಂಡು ನೆಲಮಾಳಿಗೆಗೆ ಬರುತ್ತಿದ್ದವು. ರಿಪೇರಿ ಮಾಡುತ್ತ ಮಾಡುತ್ತ ಅವಳೂ ಓದಿಬಿಟ್ಟಿದ್ದಳು, ಬೈಯುವುದಕ್ಕೆ ಸಾಮಗ್ರಿ ಬೇಕಲ್ಲ.

"ಆ ಕಡಲ ದೇವರ ಮಗನಿಗೆ ಬೆಳಗಾದ್ರೆ ಬೇರೆ ಕೆಲಸ ಇಲ್ವೇನೇ? ಮೂರು ಪುಸ್ತಕದಿಂದ ಇವಳ ಮುಖ ನೋಡ್ತಾ ನಿಂತಿದ್ದಾನೆ."

"ನಿಮಗೆ ಅರ್ಥ ಆಗಲ್ಲ ಅತ್ತೆ."

"ಆ ಹುಡುಗಿ ಮೂರು ಪುಸ್ತಕದಲ್ಲಿ ಒಂದೇ ಒಂದು ಪಾತ್ರೆ ತೊಳೆದಿಲ್ಲ. ದಾಸಿಯಂತೆ! ರೆಕ್ಕೆ ಅಂಟಿಸಿದ್ದಾರೆ ಅಷ್ಟೇ. ನಂಗೆ ಅಂಟು ಗೊತ್ತು ಕಣೇ, ಇದು ಮಳೆಗಾಲ ತಡೆಯಲ್ಲ."

ನಾನು ತಟ್ಟೆ ಬಿಟ್ಟು ಎದ್ದುಹೋದೆ. ಅವಳು ನನ್ನ ತಟ್ಟೆಯನ್ನೂ ತೊಳೆದಿಟ್ಟಳು.

ಆ ವರ್ಷವೇ ಗ್ರಂಥಾಲಯಕ್ಕೆ ಹೊಸ ಮುಖ್ಯಸ್ಥರು ಬಂದಿದ್ದರು. ಜಾಗ ಸಾಲದು ಅಂತ ಒಂದು ನಿಯಮ ತಂದರು. ಪುಸ್ತಕದ ಹಿಂದಿನ ಚೀಟಿಯಲ್ಲಿ ಏಳು ವರ್ಷದಿಂದ ತಾರೀಖಿನ ಮುದ್ರೆ ಬೀಳದಿದ್ದರೆ ಅದು ರದ್ದಿಗೆ. ಸಿಬ್ಬಂದಿ ತಮ್ಮ ಕಾರ್ಡಿನಲ್ಲಿ ತೆಗೆದುಕೊಂಡರೆ ಲೆಕ್ಕಕ್ಕಿಲ್ಲ. ಪಟ್ಟಿಯಲ್ಲಿ ಒಂದು ಕಂದು ಬಣ್ಣದ ಬಟ್ಟೆಯ ಪುಸ್ತಕವೂ ಇತ್ತು. ಅದೇ ಗ್ರೀಕ್ ಕಾವ್ಯವನ್ನು ಯಾವುದೋ ಕಾಲದಲ್ಲಿ ಒಬ್ಬ ಶಾಲಾ ಮಾಸ್ತರರು ನಮ್ಮ ಮಾತಿಗೆ ತಂದು, ಊರಿನ ಮುದ್ರಣಾಲಯದಲ್ಲಿ ಇನ್ನೂರು ಪ್ರತಿ ಹಾಕಿಸಿದ್ದು. ಉಳಿದದ್ದು ಇದೊಂದೇ. ಅದರ ಜಾಗಕ್ಕೆ ರೆಕ್ಕೆಯ ಹುಡುಗಿಯ ಇನ್ನೂ ಮೂರು ಪ್ರತಿ ಬರಲಿದ್ದವು.

ಅಂಟತ್ತೆ ಮುಖ್ಯಸ್ಥರ ಜೊತೆ ಜಗಳವಾಡಿ ಸೋತು ಮನೆಗೆ ಬಂದಳು. ನನ್ನ ಮುಂದೆ ನಿಂತು, ಜೀವಮಾನದಲ್ಲಿ ಮೊದಲ ಸಲ, ಏನೋ ಕೇಳಿದಳು.

"ನಿನ್ನ ಕಾರ್ಡಿನಲ್ಲಿ ಒಂದು ಪುಸ್ತಕ ತಗೋತೀಯಾ?"

"ಯಾವುದು? ಆ ಕಂದು ಬಣ್ಣದ್ದಾ? ಆ ಮಣ್ಣು ನನಗೆ ಬೇಡ."

"ಓದು ಅಂತಾನೂ ಹೇಳ್ತಿಲ್ಲ," ಅಂದವಳು ಒಂದು ಕ್ಷಣ ತಡೆದು, "ಇಲ್ಲ, ಓದದೆ ಮುದ್ರೆ ಒತ್ತಿಸ್ಕೊಂಡು ಏನು ಉಪಯೋಗ. ಬಿಡು" ಎಂದು ತಾನೇ ಮಾತು ಹಿಂದಕ್ಕೆ ತೆಗೆದುಕೊಂಡಳು. ಇನ್ನೊಬ್ಬರ ಮುಂದೆ ಹಲ್ಲು ಗಿಂಜುವುದು ಅವಳಿಗೆ ಬರುವುದಿಲ್ಲ. ನಾನು ಗೆದ್ದೆ ಅಂದುಕೊಂಡೆ.

ನಾಲ್ಕನೆಯ, ಕೊನೆಯ ಪುಸ್ತಕ ಬಂದಾಗ ಕಾಯುವವರ ಪಟ್ಟಿಯಲ್ಲಿ ನಾನು ನಲವತ್ತಮೂರನೆಯವಳು. ನಾಲ್ಕು ತಿಂಗಳು ಕಾದೆ. ಓದಿ ಮುಗಿಸಿದ ಗೆಳತಿಯರು ಬಾಯಿ ಬಿಟ್ಟರೆ ಕಿವಿ ಮುಚ್ಚಿಕೊಂಡು ಓಡುತ್ತಿದ್ದೆ. ಕೊನೆಗೊಂದು ಶನಿವಾರ ನನ್ನ ಸರದಿ ಬಂತು. ಪುಸ್ತಕವನ್ನು ಎದೆಗವಚಿಕೊಂಡು ಮನೆಗೆ ಬಂದು, ಮಂಚದ ಮೇಲೆ ಬೋರಲು ಬಿದ್ದು ತೆರೆದೆ.

ಒಳಗೆ ಹಳದಿ ಹಾಳೆ, ಸಣ್ಣ ಅಚ್ಚುಮೊಳೆಯ ಅಕ್ಷರ, ಮೈಲುತುತ್ತದ ವಾಸನೆ.

ನನಗೆ ತಕ್ಷಣ ತಿಳಿಯಿತು. ರಕ್ಷಾಪುಟ ಸರಣಿಯದು, ಹಿಂದಿನ ಚೀಟಿ ಸರಣಿಯದು, ಒಡಲು ಮಾತ್ರ ಆ ಕಂದು ಪುಸ್ತಕದ್ದು. ಈ ಪ್ರತಿ ಬೆನ್ನು ಕಳಚಿ ನೆಲಮಾಳಿಗೆಗೆ ಹೋದಾಗ ಅಂಟತ್ತೆ ಎರಡು ಪುಸ್ತಕಗಳ ಚರ್ಮ ಸುಲಿದು ಅದಲು ಬದಲು ಮಾಡಿದ್ದಳು. ಎಷ್ಟು ನೀಟಾಗಿ ಕೂರಿಸಿದ್ದಳೆಂದರೆ ಕೌಂಟರಿನವರು ಎರಡು ಸಲ ತಿರುಗಿಸಿ ನೋಡಿದರೂ ಗೊತ್ತಾಗಿರಲಿಲ್ಲ. ಯಾರ ಸರದಿಗೆ ಬೀಳುತ್ತದೋ ಬೀಳಲಿ ಅಂತ ಬಲೆ ಬೀಸಿದ್ದಳು, ಬಿದ್ದದ್ದು ಅವಳ ಸೋದರ ಸೊಸೆ, ನಾನು. ಆಗ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ನಾಲ್ಕು ತಿಂಗಳು!

ಅಂದೇ ಹಿಂದಿರುಗಿಸಬೇಕಿತ್ತು. ಹಿಂದಿರುಗಿಸಲಿಲ್ಲ. ಯಾಕೆ ಅಂದರೆ, ಕಥೆ ಅದೇ ಅಲ್ಲವೇ, ನನ್ನ ಹುಡುಗಿ ಇದರಲ್ಲೂ ಇರಬೇಕು, ಒಮ್ಮೆ ನೋಡಿಬಿಡೋಣ ಅನ್ನಿಸಿತು. ಮೊದಲ ನೂರೈವತ್ತು ಪುಟ ಯಾರೋ ಹಿಂದೆಯೇ ಬಿಡಿಸಿದ್ದರು. ಅಲ್ಲಿಂದಾಚೆಗೆ ಎಲ್ಲ ಮಡಿಕೆಯ ಹಾಳೆಗಳು. ಅಷ್ಟು ವರ್ಷ ಒಬ್ಬರೂ ಮುಂದೆ ಹೋಗಿರಲಿಲ್ಲ. ನಾನು ಜಾಮಿಟ್ರಿ ಪೆಟ್ಟಿಗೆಯ ಉಕ್ಕಿನ ಸ್ಕೇಲು ತೆಗೆದುಕೊಂಡು ಮಡಿಕೆ ಬಿಡಿಸುತ್ತ ಹೋದೆ. ಮೊದಮೊದಲು ಹಾಳೆ ಹಲ್ಲುಹಲ್ಲಾಗಿ ಹರಿಯಿತು, ಆಮೇಲೆ ಕೈ ಪಳಗಿತು. ರಾಜ ಅಲೆದ, ಸುಳ್ಳು ಹೇಳಿದ, ಅತ್ತ. ನನ್ನ ಹುಡುಗಿ ಸಿಗಲಿಲ್ಲ. ಎರಡು ವಾರದ ಗಡುವು ಮುಗಿದಾಗ ಕೌಂಟರಿಗೆ ಹೋಗಿ ಇನ್ನೆರಡು ವಾರಕ್ಕೆ ಮುದ್ರೆ ಒತ್ತಿಸಿಕೊಂಡು ಬಂದೆ.

ಆ ದಿನಗಳಲ್ಲಿ ಅಂಟತ್ತೆ ನನ್ನ ಕೋಣೆಯ ಮುಂದೆ ಹಾದುಹೋಗುವಾಗ ಪುಸ್ತಕದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡುತ್ತಿದ್ದಳು. ಅವಳೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಸ್ಕೇಲನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದೆ.

ಕೊನೆಗೆ, ಮುಗಿಯಲು ಸ್ವಲ್ಪವೇ ಇದೆ ಅನ್ನುವಾಗ, ಹುಡುಗಿ ಸಿಕ್ಕಳು. ಅವಳೊಬ್ಬಳೇ ಅಲ್ಲ, ಒಂದು ಡಜನ್ ದಾಸಿಯರು. ಯಾರಿಗೂ ಹೆಸರಿಲ್ಲ. ಮನೆಗೆ ಮರಳಿದ ರಾಜ ತನ್ನ ಶತ್ರುಗಳನ್ನೆಲ್ಲ ಕೊಂದ ಮೇಲೆ, ಆ ಹೆಣಗಳನ್ನು ಹೊರಗೆ ಸಾಗಿಸುವುದು, ರಕ್ತವಾದ ಮೇಜು ಕುರ್ಚಿ ತೊಳೆಯುವುದು ಇವರ ಪಾಲಿಗೆ ಬಂತು. ತೊಳೆದರು. ಎಲ್ಲ ಶುಚಿಯಾದ ಮೇಲೆ, ಆ ಶತ್ರುಗಳ ಜೊತೆ ಕೂಡಿದ್ದರು ಅನ್ನುವ ತಪ್ಪಿಗೆ, ಅವರನ್ನು ಹೊರಗೆ ಕರೆದೊಯ್ದು ಒಂದೇ ಹಗ್ಗಕ್ಕೆ ಸಾಲಾಗಿ ನೇಣು ಹಾಕಿದರು. ಅರ್ಧ ಪುಟವೂ ಇಲ್ಲ. ಮುಂದಿನ ಪುಟದಲ್ಲಿ ಮನೆಯವರು ಮನೆಯೊಳಗೆ ಬೆಂಕಿ ಹೊತ್ತಿಸಿಕೊಂಡು ಮಾತಾಡುತ್ತಿದ್ದಾರೆ.

ಹಾಳೆ ಹಿಂದೆ ಮುಂದೆ ತಿರುವಿದೆ, ರೆಕ್ಕೆ ಎಲ್ಲೂ ಇರಲಿಲ್ಲ. ಅಡುಗೆಮನೆಯಲ್ಲಿ ಅಂಟತ್ತೆ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಆ ಸದ್ದು ನನಗೆ ತಡೆಯಲಾಗಲಿಲ್ಲ. ಅಳು ಬಂತು, ಅಳುವಿಗಿಂತ ಹೆಚ್ಚಾಗಿ ದ್ವೇಷ ಬಂತು. ಇದನ್ನು ನನಗೆ ಓದಿಸಬೇಕು ಅಂತಲೇ ಅವಳು ಹೊಂಚು ಹಾಕಿದ್ದಳು ಅನ್ನಿಸಿತು. ಉಳಿದ ಮಡಿಕೆಗಳನ್ನೂ ಬಿಡಿಸಿ, ಕೊನೆಯ ಪುಟದವರೆಗೂ ಹಲ್ಲು ಕಚ್ಚಿ ಓದಿ, ಮರುದಿನ ಗ್ರಂಥಾಲಯಕ್ಕೆ ಒಂದು ದೂರು ಬರೆದೆ. ಬೈಂಡರ್ ಬೇಕಂತಲೇ ಪುಸ್ತಕ ಬದಲಿಸಿದ್ದಾರೆ, ಸಾರ್ವಜನಿಕರ ಸ್ವತ್ತು ಹಾಳು ಮಾಡಿದ್ದಾರೆ, ಕ್ರಮ ತೆಗೆದುಕೊಳ್ಳಿ. ಅಕ್ಷರ ಮುತ್ತಿನ ಹಾಗಿತ್ತು.

ಮೂರು ದಿನಕ್ಕೆ ಕರೆ ಬಂತು. ಮುಖ್ಯಸ್ಥರ ಕೋಣೆಯಲ್ಲಿ ಮೇಜಿನ ಆಚೆ ಅವರು, ಈಚೆ ನಾನು, ಬಾಗಿಲ ಹತ್ತಿರ ಅಂಟತ್ತೆ. ಅವಳಿಗೆ ಕೂರಲು ಹೇಳಿದರೂ ಕೂರಲಿಲ್ಲ. ಮೇಜಿನ ಮೇಲೆ ಪುಸ್ತಕ.

ಮುಖ್ಯಸ್ಥರು ಕೆಟ್ಟವರೇನಲ್ಲ. ಅವರೇ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ನೋಡಮ್ಮಾ," ಎಂದು ಅವಳತ್ತ ತಿರುಗಿ, "ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದೀರ. ಯಾಕೆ ಹೀಗೆ ಮಾಡಿದ್ರಿ?" ಎಂದರು.

"ಓದ್ಲಿ ಅಂತ."

"ಮೋಸ ಮಾಡಿನಾ?"

"ಇನ್ನು ಹ್ಯಾಗೆ ಸಾರ್? ನಿಮ್ಮ ನಿಯಮದಲ್ಲಿ ಓದೋಕೆ ಜಾಗ ಎಲ್ಲಿದೆ, ಮುದ್ರೆ ಒತ್ತೋಕೆ ಮಾತ್ರ ಇದೆ."

ಅವರು ಹಣೆ ಉಜ್ಜಿಕೊಂಡರು. ಆಮೇಲೆ ನನ್ನ ಕಡೆ ಬಾಗಿ ಮೆತ್ತಗೆ ಹೇಳಿದರು: "ಮಗೂ, ದೂರು ಬಂದ ಮೇಲೆ ನಾನು ಏನಾದ್ರೂ ಬರೀಲೇಬೇಕು. ಆದ್ರೆ ನೀನು ಇದನ್ನ ಓದಿದ್ರೆ, ಒಬ್ಬಳು ಓದಿದಳು ಅಂತ ಆದ್ರೂ, ನಾನು ಬೇರೆ ಥರ ಬರೀಬಹುದು. ಹಳೇ ಪುಸ್ತಕ ಮಕ್ಕಳಿಗೆ ತಲುಪಿಸೋಕೆ ಮಾಡಿದ ಪ್ರಯತ್ನ, ಎಚ್ಚರಿಕೆ ಕೊಟ್ಟು ಬಿಟ್ಟಿದ್ದೇನೆ ಅಂತ. ಪುಸ್ತಕಾನೂ ಉಳಿಯುತ್ತೆ, ಇವರ ಕೆಲಸಾನೂ ಉಳಿಯುತ್ತೆ. ಇಲ್ಲಾಂದ್ರೆ ಎರಡೂ ಹೋಗುತ್ತೆ. ಚೀಟಿಯಲ್ಲಿ ಎರಡು ಸಲ ಮುದ್ರೆ ಇದೆ. ಓದಿದ್ಯಾ?"

ಆಗ ಅಂಟತ್ತೆ ಮುಂದೆ ಬಂದಳು. ಯಾರನ್ನೂ ಕೇಳದೆ ಪುಸ್ತಕ ಎತ್ತಿಕೊಂಡು, ಹೆಬ್ಬೆರಳನ್ನು ಮೇಲಂಚಿನ ಉದ್ದಕ್ಕೂ ಎಳೆದಳು. ನಿಧಾನವಾಗಿ, ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ. ಬೆರಳು ಎಲ್ಲೂ ನಿಲ್ಲಲಿಲ್ಲ, ನಿಲ್ಲುವುದಕ್ಕೆ ಒಂದು ಮಡಿಕೆಯೂ ಉಳಿದಿರಲಿಲ್ಲ. ಈಗ ತೆರೆದು ತೋರಿಸುತ್ತಾಳೆ, ಈಗ ನನ್ನ ಮಾನ ಕಳೆಯುತ್ತಾಳೆ ಅಂದುಕೊಂಡೆ. ಅವಳು ಪುಸ್ತಕವನ್ನು ಹಾಗೆಯೇ ಮೇಜಿನ ಮೇಲೆ ಇಟ್ಟು ನನ್ನ ಮುಖ ನೋಡಿದಳು.

"ಓದಿಲ್ಲ," ಅಂದೆ. "ವಾಪಸ್ ಕೊಡೋಕೆ ಮರೆತಿದ್ದೆ. ಅದಕ್ಕೇ ಎರಡನೇ ಮುದ್ರೆ."

ಅವಳು ಬಾಗಿಲ ಹತ್ತಿರ ಹೋಗಿ ಮತ್ತೆ ಮೊದಲಿನ ಜಾಗದಲ್ಲೇ ನಿಂತಳು. ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದರು.

ಆ ತಿಂಗಳ ಕೊನೆಗೆ ಅವಳನ್ನು ಕೆಲಸದಿಂದ ತೆಗೆದರು. ನೆಲಮಾಳಿಗೆಗೆ ಬೀಗ ಬಿತ್ತು, ಹರಿದ ಪುಸ್ತಕಗಳನ್ನು ಹೊರಗಿನವರಿಗೆ ಕೊಡಲು ಶುರುಮಾಡಿದರು. ಕಂದು ಪುಸ್ತಕದ ಒಡಲು ರದ್ದಿಯ ಗಾಡಿ ಏರಿತು. ಅದರ ಮೇಲಿದ್ದ ಮುದ್ರೆಗಳು ಬೇರೆ ಪುಸ್ತಕದ ಚೀಟಿಯವು, ಆದ್ದರಿಂದ ಲೆಕ್ಕಕ್ಕೆ ಬರಲಿಲ್ಲ. ನಿಜವಾದ ನಾಲ್ಕನೆಯ ಪುಸ್ತಕವನ್ನು ಅವಳು ಎಲ್ಲೂ ಬಚ್ಚಿಟ್ಟಿರಲಿಲ್ಲ. ಕಂದು ಬಟ್ಟೆಯ ರಟ್ಟು ತೊಟ್ಟು ಅದು, ರದ್ದಿಯ ಗಾಡಿ ಬರುವವರೆಗೆ, ಹಳೆಯ ಕಪಾಟಿನಲ್ಲೇ, ಎಲ್ಲರ ಕಣ್ಣೆದುರೇ ನಿಂತಿತ್ತು. ಅಷ್ಟು ದಿನದಲ್ಲಿ ಒಬ್ಬರೂ ಅದನ್ನು ಎಳೆದು ನೋಡಿರಲಿಲ್ಲ.

ದೂರು ಕೊಟ್ಟವಳು ಅಂತ ಅದನ್ನು ಮೊದಲು ನನಗೇ ಕೊಟ್ಟರು. ಓದಿದೆ. ಕೊನೆಯ ಅಧ್ಯಾಯದಲ್ಲಿ ಹಗ್ಗ ಹರಿದು, ರೆಕ್ಕೆ ಬಿಚ್ಚಿ, ಹುಡುಗಿ ಕಡಲ ಮೇಲೆ ಹಾರಿಹೋಗುತ್ತಾಳೆ. ನನ್ನ ಗೆಳತಿಯರೆಲ್ಲ ಆ ಪುಟದಲ್ಲಿ ಅತ್ತಿದ್ದರಂತೆ. ನನಗೆ ಅಂಟಿನ ವಾಸನೆ ಬಂತು. ನಾಲ್ಕು ತಿಂಗಳು ಕಾದ ಪುಸ್ತಕವನ್ನೂ ಆ ಹೆಂಗಸು ಹಾಳು ಮಾಡಿದ್ದಳು. ಇದಕ್ಕೂ ನಾನು ಅವಳನ್ನು ಕ್ಷಮಿಸಲಿಲ್ಲ.

ಅಮ್ಮ ಹೇಳಿದ್ದು ಹೇಳಿದ ಹಾಗೇ ನಡೆಯಿತು. ಅಡುಗೆಮನೆ ಪೂರ್ತಿ ಅಂಟತ್ತೆಯದಾಯಿತು. ಒಂದು ವರ್ಷ ಮೂರು ಹೊತ್ತೂ ಬೇಯಿಸಿದಳು, ತೊಳೆದಳು, ಒರೆಸಿದಳು, ಎಲ್ಲರನ್ನೂ ಬೈದಳು. ನನ್ನೊಬ್ಬಳನ್ನು ಮಾತ್ರ ಬೈಯಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಅಂತ ಅವಳಿಗೆ ಗೊತ್ತಿತ್ತು. ಆಮೇಲೊಂದು ದಿನ ಕಪಾಟಿನಲ್ಲಿದ್ದದ್ದನ್ನು ಒಂದು ಚೀಲಕ್ಕೆ ತುಂಬಿಕೊಂಡು ಹೊರಟೇಹೋದಳು. ಊರ ಇನ್ನೊಂದು ತುದಿಯಲ್ಲಿ, ಸೈಕಲ್ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು ಶಾಲೆಗಳ ಹಾಜರಿ ಪುಸ್ತಕ ಹೊಲಿಯಲು ಶುರುಮಾಡಿದಳು. ಅಪ್ಪ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದರು.

ನಾನು ಹತ್ತೊಂಬತ್ತು ವರ್ಷ ಹೋಗಲಿಲ್ಲ. ಕಳೆದ ತಿಂಗಳು ಹೋದೆ. ನನ್ನ ಮಗಳಿಗೆ ಈಗ ಓದುವ ವಯಸ್ಸು. ಅವಳ ಕೈಯಲ್ಲಿ ಅಂಥದೇ ಹೊಸದೊಂದು ಸರಣಿ, ಈ ಸಲ ರೋಮನ್ನರ ಕಾವ್ಯವನ್ನು ತಿರುವಿ ಹಾಕಿದ್ದು. ಅದರ ಬೆನ್ನು ಕಳಚಿತ್ತು. ಅದು ನೆಪ.

ಮೆಟ್ಟಿಲು ಹತ್ತಿ ಹೋದಾಗ ಅವಳು ಪ್ರೆಸ್ಸಿನ ತಿರುಪು ಬಿಗಿಯುತ್ತಿದ್ದಳು. ನನ್ನನ್ನು ಗುರುತು ಹಿಡಿದಳು, ಕೂರು ಅನ್ನಲಿಲ್ಲ. ಪುಸ್ತಕ ಕೈಗೆ ತೆಗೆದುಕೊಂಡು ಹೆಬ್ಬೆರಳು ಎಳೆದಳು.

"ನಿನ್ನ ಮಗಳು ಮುಕ್ಕಾಲು ಓದಿದ್ದಾಳೆ. ನಾಳಿದ್ದು ಬಾ."

"ಅತ್ತೆ," ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. "ಅವತ್ತು ನಿಮಗೆ ಗೊತ್ತಾಗಿತ್ತು. ನಾನು ಪೂರ್ತಿ ಓದಿದ್ದೇನೆ ಅಂತ."

"ಕೊನೇ ಮಡಿಕೆವರೆಗೂ. ಅದೂ ಉಕ್ಕಿನ ಸ್ಕೇಲಲ್ಲಿ. ದರಿದ್ರ ಕೆಲಸ."

"ಮತ್ತೆ ಯಾಕೆ ತೋರಿಸ್ಲಿಲ್ಲ? ಅವರ ಮುಂದೆ ಪುಸ್ತಕ ತೆರೆದು ಹಿಡಿದಿದ್ರೆ ಸಾಕಿತ್ತಲ್ಲ! ನಿಮ್ಮ ಕೆಲಸ ಹೋಗ್ತಿರಲಿಲ್ಲ, ಪುಸ್ತಕ ಹೋಗ್ತಿರಲಿಲ್ಲ. ನಂದು ಹದಿನೈದು ವರ್ಷದ ಬುದ್ಧಿ. ನಿಮಗೇನಾಗಿತ್ತು?" ನನ್ನ ದನಿ ಏರಿತ್ತು. ಕ್ಷಮೆ ಕೇಳಲು ಹೋದವಳು ಜಗಳ ತೆಗೆದಿದ್ದೆ.

ಅವಳು ಮೇಣದ ದಾರವನ್ನು ಹಲ್ಲಿನಲ್ಲಿ ಕಡಿದು, ದಬ್ಬಣಕ್ಕೆ ಪೋಣಿಸಿಕೊಂಡಳು. ಕಣ್ಣು ಮಂಜಾದದ್ದರಿಂದ ಮೂರು ಸಲ ತಪ್ಪಿತು. ನಾನು ಕೈ ಚಾಚಿದೆ, ಕೊಡಲಿಲ್ಲ.

"ಕತ್ತರಿಸಿದವಳು ನೀನು," ಎಂದಳು. "ಹೇಳಬೇಕಾದವಳೂ ನೀನೇ. ನಿನ್ನ ಪರವಾಗಿ ನಾನ್ಯಾಕೆ ಹೇಳ್ಲಿ?"

ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು.

"ಈಗ ಹೇಳ್ತಿದ್ದೀನಿ ಅತ್ತೆ. ಓದಿದೆ. ಪೂರ್ತಿ ಓದಿದೆ. ಆ ಹುಡುಗಿಯರನ್ನ ಇವತ್ತಿಗೂ ಮರೆಯೋಕೆ ಆಗಿಲ್ಲ."

"ಈಗ ಇಲ್ಲಿ ಹೇಳಿದ್ರೆ ಕೇಳೋರು ಯಾರಿದ್ದಾರೆ, ನಾನೊಬ್ಬಳು," ಎಂದು ಅಂಟತ್ತೆ ನನ್ನ ಕಡೆ ಬೆನ್ನು ತಿರುಗಿಸಿ ಹೊಲಿಗೆಗೆ ಕೂತಳು. "ಹೋಗ್ತಾ ಬಾಗಿಲು ಎಳ್ಕೊಂಡು ಹೋಗು. ಗಾಳಿಗೆ ಅಂಟು ಒಣಗುತ್ತೆ."